ಹಲ್ಲು ಕೀಳಿಸುವ ದಿನದ ಅಮಾಕ್ಸಿಸಿಲಿನ್: ಹೃದಯದೋಷದ ಮಕ್ಕಳಿಗೆ ಸಿರಪ್ಪೋ, ಕರಗುವ ಮಾತ್ರೆಯೋ, ಕ್ಯಾಪ್ಸೂಲೋ?

ಗಂಟಲುನೋವು, ಕಿವಿನೋವು ಎಂದು ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವರಿಗೆಲ್ಲ ಅಮಾಕ್ಸಿಸಿಲಿನ್ ಗೊತ್ತು. ಹುಟ್ಟಿನಿಂದಲೇ ಹೃದಯದೋಷ ಇರುವ ಕೆಲವು ಮಕ್ಕಳ ಮಟ್ಟಿಗೆ ಈ ಔಷಧಿಗೆ ಇನ್ನೊಂದು ಕೆಲಸವಿದೆ. ಹಲ್ಲು ಕೀಳಿಸುವ ಮುಂಚೆ ಒಂದೇ ಒಂದು ಸಲ, ದೊಡ್ಡ ಪ್ರಮಾಣದಲ್ಲಿ ಕೊಡುವುದು. ಐದು ದಿನದ ಕೋರ್ಸ್ ಇಲ್ಲ, ಬೆಳಿಗ್ಗೆ ಸಂಜೆ ಎಂಬ ಲೆಕ್ಕವಿಲ್ಲ. ಆ ಒಂದು ಡೋಸಿಗೆ ಅಂಗಡಿಯಲ್ಲಿ ಸಿಗುವ ನಾಲ್ಕು ರೂಪಗಳಲ್ಲಿ ಯಾವುದು ಅನುಕೂಲ, ಯಾವುದರಲ್ಲಿ ಎಡವುವುದು ಜಾಸ್ತಿ ಎಂಬುದನ್ನಷ್ಟೇ ಇಲ್ಲಿ ತೂಗಿ ನೋಡಿದ್ದೇವೆ. ಕೆಮ್ಮು ನೆಗಡಿಗೆ ಇದು ಒಳ್ಳೆಯದೋ ಅಲ್ಲವೋ ಎಂಬುದು ಬೇರೆಯೇ ಮಾತು.

ಈ ಒಂದು ಡೋಸ್ ಯಾಕೆ ಎಂಬುದನ್ನು ಮೊದಲು ಹೇಳಬೇಕು. ಹೃದಯದ ಒಳಪದರ ನುಣುಪಾಗಿರುವವರೆಗೆ ರಕ್ತದಲ್ಲಿ ನಾಲ್ಕು ಬ್ಯಾಕ್ಟೀರಿಯಾ ಓಡಾಡಿದರೂ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಕಿರಿದಾದ ತೂತಿನಿಂದಲೋ ಸೋರುವ ಕವಾಟದಿಂದಲೋ ರಕ್ತ ರಭಸವಾಗಿ ಚಿಮ್ಮಿ ಬಡಿಯುವ ಕಡೆ ಆ ಪದರ ತರಚುತ್ತದೆ. ತರಚಿದಲ್ಲಿ ಪ್ಲೇಟ್‌ಲೆಟ್ಟು, ಫೈಬ್ರಿನ್ ಸೇರಿ ತೆಳುವಾದ ಹೆಪ್ಪು ಕಟ್ಟುತ್ತದೆ. ಕೃತಕ ಕವಾಟ, ತೂತು ಮುಚ್ಚುವ ಪ್ಯಾಚು, ಶಂಟಿನ ನಳಿಗೆ (ಶ್ವಾಸಕೋಶಕ್ಕೆ ರಕ್ತ ತಲುಪಿಸಲು ಕೂರಿಸುವ ಕೊಳವೆ) ಇವುಗಳ ಮೇಲೂ ಹೀಗೆಯೇ. ಬಾಯಲ್ಲಿ ಸದಾ ಇರುವ ವಿರಿಡನ್ಸ್ ಜಾತಿಯ ಸ್ಟ್ರೆಪ್ಟೊಕಾಕಸ್ ವಸಡಿನ ಗಾಯದಿಂದ ರಕ್ತಕ್ಕೆ ಇಳಿದು ಆ ಹೆಪ್ಪಿನಲ್ಲಿ ನೆಲೆಯೂರಿದರೆ ಅಲ್ಲೊಂದು ಗಂಟು ಬೆಳೆಯುತ್ತದೆ. ಅದಕ್ಕೇ ಎಂಡೋಕಾರ್ಡೈಟಿಸ್ ಎನ್ನುವುದು. ಗಂಟಿನ ಒಳಗೆ ರಕ್ತನಾಳಗಳಿಲ್ಲ, ಬಿಳಿರಕ್ತಕಣಗಳು ಸುಲಭವಾಗಿ ಅಲ್ಲಿಗೆ ತಲುಪುವುದಿಲ್ಲ. ಒಮ್ಮೆ ಬೇರೂರಿದ ಸೋಂಕನ್ನು ತೊಳೆಯಲು ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ಔಷಧಿ ಹೋಗಬೇಕಾಗುತ್ತದೆ.

ಎಲ್ಲ ಹೃದಯದೋಷದ ಮಕ್ಕಳಿಗೂ ಈ ಡೋಸ್ ಬೇಕಿಲ್ಲ. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಪಟ್ಟಿಯನ್ನು ಬಹಳ ಚಿಕ್ಕದು ಮಾಡಿತು, 2021ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಈಗ ಉಳಿದಿರುವವರು ಇವರು: ಕೃತಕ ಕವಾಟ ಅಥವಾ ಕವಾಟ ರಿಪೇರಿಗೆ ಕೃತಕ ವಸ್ತು ಹಾಕಿಸಿಕೊಂಡವರು, ಒಮ್ಮೆ ಎಂಡೋಕಾರ್ಡೈಟಿಸ್ ಬಂದು ಹೋದವರು, ಮೈ ನೀಲಿಗಟ್ಟಿಸುವ ಹೃದಯದೋಷ ಇನ್ನೂ ಪೂರ್ತಿ ಸರಿಯಾಗದವರು (ಟೆಟ್ರಾಲಜಿಯಂಥವು, ಬಿಟಿ ಶಂಟ್ ಮಾತ್ರ ಹಾಕಿಸಿ ಮುಂದಿನ ಆಪರೇಷನ್‌ಗೆ ಕಾಯುತ್ತಿರುವವರೂ ಸೇರಿ), ಶ್ವಾಸಕೋಶದ ಕಡೆಗೆ ಕವಾಟವುಳ್ಳ ಕೃತಕ ನಳಿಗೆ ಕೂರಿಸಿದವರು, ಪ್ಯಾಚು ಅಥವಾ ಡಿವೈಸ್ ಹಾಕಿ ತೂತು ಮುಚ್ಚಿಸಿ ಆರು ತಿಂಗಳಾಗದವರು, ಆರು ತಿಂಗಳು ಕಳೆದರೂ ಆ ಪ್ಯಾಚಿನ ಪಕ್ಕದಲ್ಲೇ ಸೋರಿಕೆ ಉಳಿದವರು. ಹೃದಯ ಕಸಿಯಾಗಿ ಕವಾಟ ಸೋರುವವರೂ ಇದರಲ್ಲಿ ಬರುತ್ತಾರೆ. ಆಪರೇಷನ್ ಆಗದ ಸಾಮಾನ್ಯ ವಿಎಸ್‌ಡಿ, ಎಎಸ್‌ಡಿ (ಹೃದಯದ ಕೋಣೆಗಳ ನಡುವಿನ ಗೋಡೆಯ ತೂತು), ಪಿಡಿಎ (ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ರಕ್ತನಾಳ ತೆರೆದೇ ಉಳಿಯುವುದು) ಇದರಲ್ಲಿ ಇಲ್ಲ. ಡಿವೈಸ್ ಹಾಕಿ ಎರಡು ವರ್ಷವಾಗಿ ಸೋರಿಕೆ ಇಲ್ಲದ ಮಗುವಿಗೂ ಬೇಡ. ಹಳೆಯ ಫೈಲುಗಳಲ್ಲಿ ಈ ಮಕ್ಕಳಿಗೂ ಡೋಸ್ ಬರೆದಿರುವುದು ಕಾಣುತ್ತದೆ. 2007ಕ್ಕೆ ಮುಂಚಿನ ರೂಢಿ ಅದು. ನಿಮ್ಮ ಮಗು ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಹೃದಯತಜ್ಞರಿಂದ ಒಂದು ಚೀಟಿಯಲ್ಲಿ ಬರೆಸಿ, ಹಲ್ಲಿನ ಡಾಕ್ಟರಿಗೆ ತೋರಿಸಲು ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ.

ಹಲ್ಲಿನ ಎಲ್ಲ ಕೆಲಸಕ್ಕೂ ಬೇಕಿಲ್ಲ. ವಸಡನ್ನು ಅಥವಾ ಬೇರಿನ ತುದಿಯನ್ನು ಕೆದಕುವ, ಬಾಯಿಯ ಒಳಚರ್ಮವನ್ನು ಛೇದಿಸುವ ಕೆಲಸಕ್ಕೆ ಮಾತ್ರ: ಹಲ್ಲು ಕೀಳುವುದು, ವಸಡಿನ ಕೆಳಗಿನ ಕ್ಲೀನಿಂಗ್, ಬೇರಿನ ತುದಿಯಾಚೆ ಹೋಗುವ ರೂಟ್ ಕೆನಾಲ್. ಎಕ್ಸ್‌ರೇಗೆ ಬೇಡ, ಕ್ಲಿಪ್ ಬಿಗಿ ಮಾಡಿಸಲು ಬೇಡ, ಸೋಂಕಿಲ್ಲದ ಜಾಗಕ್ಕೆ ಕೊಡುವ ಮರಗಟ್ಟುವ ಇಂಜೆಕ್ಷನ್‌ಗೆ ಬೇಡ, ಹಾಲುಹಲ್ಲು ತಾನಾಗಿ ಬಿದ್ದರೆ ಬೇಡ, ಆಟವಾಡುತ್ತ ಬಿದ್ದು ತುಟಿ ಒಡೆದರೂ ಬೇಡ. ಸರ್ಕಾರಿ ದಂತ ಕಾಲೇಜುಗಳಲ್ಲಿ ಮೊದಲ ದಿನ ಬರೀ ತಪಾಸಣೆ, ಎಕ್ಸ್‌ರೇ ಆಗಿ ಕೆಲಸಕ್ಕೆ ಬೇರೆ ದಿನ ಕೊಡುವುದುಂಟು. ಹಾಗಾಗಿ ಮೊದಲ ದಿನ ಮನೆಯಿಂದಲೇ ಔಷಧಿ ಕುಡಿಸಿಕೊಂಡು ಹೋಗಬೇಡಿ.

ಇನ್ನು ಲೆಕ್ಕ. ಮಗುವಿನ ಒಂದೊಂದು ಕೆ.ಜಿ. ತೂಕಕ್ಕೆ 50 ಮಿ.ಗ್ರಾಂ, ಒಟ್ಟು 2 ಗ್ರಾಂ ಮೀರಬಾರದು. 8 ಕೆ.ಜಿ. ಮಗುವಿಗೆ 400, 15 ಕೆ.ಜಿ.ಗೆ 750, 20 ಕೆ.ಜಿ.ಗೆ 1000, 30 ಕೆ.ಜಿ.ಗೆ 1500 ಮಿ.ಗ್ರಾಂ. 40 ಕೆ.ಜಿ. ದಾಟಿದವರಿಗೆಲ್ಲ 2000, ದೊಡ್ಡವರಿಗೂ ಅಷ್ಟೇ. ಚೀಟಿ ನೋಡಿದ ಔಷಧಿ ಅಂಗಡಿಯವರು "ಇಷ್ಟೊಂದಾ?" ಎಂದು ಹುಬ್ಬೇರಿಸುವುದು ಸಹಜ, ಏಕೆಂದರೆ ಗಂಟಲುನೋವಿಗೆ ಒಂದು ಹೊತ್ತಿಗೆ ಕೊಡುವುದಕ್ಕಿಂತ ಇದು ಮೂರ್ನಾಲ್ಕು ಪಟ್ಟು ಹೆಚ್ಚು. ಹಲ್ಲು ಕೀಳುವ ಹೊತ್ತಿಗೆ ರಕ್ತದಲ್ಲಿ ಔಷಧಿ ಏರಿರಬೇಕು ಎಂಬುದಕ್ಕೇ ಅಷ್ಟು. ಅಂಗಡಿಯವರ ಮಾತು ಕೇಳಿ ಅರ್ಧ ಮಾಡಬೇಡಿ.

ಡ್ರೈ ಸಿರಪ್

ಎಲ್ಲ ಕಡೆ ಸಿಗುತ್ತದೆ, ಹಣ್ಣಿನ ಪರಿಮಳ ಇರುವುದರಿಂದ ಮಕ್ಕಳು ತಕರಾರಿಲ್ಲದೆ ಕುಡಿಯುತ್ತಾರೆ. ಆದರೂ ಈ ಕೆಲಸಕ್ಕೆ ನಾವು ಇದನ್ನು ಕೊನೆಯಲ್ಲಿಡುತ್ತೇವೆ. ಸಾಮಾನ್ಯವಾಗಿ ಕೈಗೆ ಬರುವುದು 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಬಾಟಲಿ. 15 ಕೆ.ಜಿ. ಮಗುವಿಗೆ ಬೇಕಾದ 750 ಮಿ.ಗ್ರಾಂ ಎಂದರೆ ಸರಿಯಾಗಿ 30 ಮಿ.ಲೀ., ಅಂದರೆ 30 ಮಿ.ಲೀ. ಬಾಟಲಿ ಪೂರ್ತಿ ಖಾಲಿಯಾಗಬೇಕು. ಗೋಡೆಗೆ ಅಂಟಿದ್ದು, ಮುಚ್ಚಳದಲ್ಲಿ ಉಳಿದದ್ದು ಕಳೆದರೆ ಡೋಸ್ ಕಡಿಮೆಯೇ ಆಗುತ್ತದೆ. 20 ಕೆ.ಜಿ.ಗೆ 40 ಮಿ.ಲೀ., ಒಂದು ಬಾಟಲಿಯಲ್ಲಿ ಆಗದ ಮಾತು. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಬಾಟಲಿ ಸಿಕ್ಕರೆ ಅರ್ಧಕ್ಕೆ ಇಳಿಯುತ್ತದೆ: 15 ಕೆ.ಜಿ.ಗೆ 15, 20 ಕೆ.ಜಿ.ಗೆ 20 ಮಿ.ಲೀ. ಈ ಎರಡು ಬಾಟಲಿಗಳ ಡಬ್ಬಿ ನೋಡಲು ಒಂದೇ ಥರ ಇರುತ್ತದೆ. ಚೀಟಿಯಲ್ಲಿ "20 ಮಿ.ಲೀ." ಎಂದಷ್ಟೇ ಬರೆದಿದ್ದು, ಅಂಗಡಿಯವರು 125ರ ಬಾಟಲಿ ಕೊಟ್ಟರೆ ಮಗುವಿಗೆ ಹೋಗುವುದು ಅರ್ಧ ಡೋಸ್. ಅದಕ್ಕೇ ಚೀಟಿಯಲ್ಲಿ ಮಿ.ಗ್ರಾಂ ಮತ್ತು ಮಿ.ಲೀ. ಎರಡೂ ಇರಲಿ.

ಪುಡಿ ಕಲಸುವಲ್ಲಿ ಆಗುವ ತಪ್ಪು ಇದಕ್ಕಿಂತ ಹೆಚ್ಚು. ಮುಚ್ಚಳ ತೆಗೆಯುವ ಮುಂಚೆ ಬಾಟಲಿಯನ್ನು ತಲೆಕೆಳಗೆ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ಪುಡಿ ತಳ ಬಿಟ್ಟು ಸಡಿಲವಾಗಬೇಕು. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗೆರೆಯ ಅರ್ಧದಷ್ಟು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಇಳಿಯುವವರೆಗೆ ಕಾಯಿರಿ. ಆಮೇಲೆ ಗೆರೆ ಮುಟ್ಟುವಷ್ಟು ನೀರು ಸೇರಿಸಿ ಮತ್ತೆ ಅಲ್ಲಾಡಿಸಿ. ಒಂದೇ ಸಲ ಗೆರೆಯವರೆಗೆ ಸುರಿದರೆ ತಳದ ಉಂಡೆ ಕರಗದೆ ಕೂರುತ್ತದೆ, ಮೇಲಿನದು ನೀರು ನೀರಾಗಿ ಕೊನೆಯದು ಗಟ್ಟಿಯಾಗುತ್ತದೆ. ನೊರೆಯನ್ನೇ ಗೆರೆ ಎಂದುಕೊಂಡರೆ ನೀರು ಕಡಿಮೆಯಾಗುತ್ತದೆ. ಬಿಸಿನೀರು ಹಾಕಿದರೆ ಔಷಧಿ ಹಾಳಾಗುತ್ತದೆ. ಅಳೆಯಲು ಅಡುಗೆಮನೆಯ ಚಮಚ ಬೇಡ, ಸೂಜಿ ತೆಗೆದ 10 ಮಿ.ಲೀ. ಸಿರಿಂಜ್ ಇರಲಿ, 20 ಮಿ.ಲೀ. ಬೇಕಿದ್ದರೆ ಎರಡು ಸಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿರಪ್ಪಿನ ದೊಡ್ಡ ದೋಷ ಬಾಟಲಿಯಲ್ಲಿ ಉಳಿಯುವ ಔಷಧಿ. ಕಲಸಿದ ಮೇಲೆ ಲೇಬಲ್ ಹೇಳಿದಷ್ಟು ದಿನ, ನಮ್ಮಲ್ಲಿ ಹೆಚ್ಚಾಗಿ 7 ದಿನ, ಫ್ರಿಜ್ಜಿನಲ್ಲಿ ಇಡಬಹುದು ಎಂದಿರುತ್ತದೆ. ಉಳಿದದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಂದಿನ ವಾರ ಮಗುವಿಗೆ ಮೈ ಬಿಸಿಯಾದರೆ ಕೈ ಹೋಗುವುದು ಅದೇ ಬಾಟಲಿಗೆ. ಹೃದಯದೋಷದ ಮಗುವಿನ ಮನೆಯಲ್ಲಿ ಇದು ಎಷ್ಟು ಕೆಟ್ಟದ್ದು ಎಂಬುದನ್ನು ಮುಂದೆ ವಿವರವಾಗಿ ಹೇಳಿದ್ದೇವೆ.

ಡ್ರಾಪ್ಸ್

10 ಕೆ.ಜಿ. ಒಳಗಿನ ಕೂಸಿಗೆ ಇದೇ ಸರಿ. ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. 8 ಕೆ.ಜಿ.ಗೆ 4 ಮಿ.ಲೀ., ಎರಡು ಗುಟುಕು. ಜೊತೆಗೆ ಬರುವ ಡ್ರಾಪರಿನಲ್ಲಿ ಗೆರೆ 1 ಮಿ.ಲೀ.ವರೆಗೆ ಮಾತ್ರ ಇದ್ದರೆ ನಾಲ್ಕು ಸಲ ಎಣಿಸುವ ಬದಲು 5 ಮಿ.ಲೀ. ಸಿರಿಂಜಿನಲ್ಲಿ ಎಳೆದುಕೊಳ್ಳಿ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ, ನಾಲಿಗೆಯ ಹಿಂದಕ್ಕೆ ಚಿಮ್ಮಿಸಿದರೆ ಕೆಮ್ಮಿ ಉಗುಳುತ್ತದೆ. 125ರ ಸಿರಪ್ಪಿಗೂ ಡ್ರಾಪ್ಸಿಗೂ ಗಟ್ಟಿತನದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿದೆ ಎಂಬುದು ನೆನಪಿರಲಿ. ಸಿರಪ್ಪಿನ ಅಳತೆಯನ್ನು ಡ್ರಾಪ್ಸಿಗೆ ಹಚ್ಚುವಂತಿಲ್ಲ.

ಕರಗುವ ಮಾತ್ರೆ

10ರಿಂದ 20 ಕೆ.ಜಿ.ವರೆಗಿನ ಮಕ್ಕಳಿಗೆ ನಮ್ಮ ಮೊದಲ ಆಯ್ಕೆ ಇದು. 125 ಮತ್ತು 250 ಮಿ.ಗ್ರಾಂನಲ್ಲಿ ಸಿಗುತ್ತದೆ. 15 ಕೆ.ಜಿ. ಮಗುವಿಗೆ 250ರ ಮೂರು, 20 ಕೆ.ಜಿ.ಗೆ ನಾಲ್ಕು. 12 ಕೆ.ಜಿ.ಗೆ ಬೇಕಾದ 600ಕ್ಕೆ 250ರ ಎರಡು, 125ರ ಒಂದು ಸೇರಿ 625 ಆಗುತ್ತದೆ. ಇಂಥ ಹೊಂದಾಣಿಕೆಯನ್ನು ಡಾಕ್ಟರೇ ಬರೆಯಲಿ. ಸಣ್ಣ ಲೋಟದಲ್ಲಿ 20-30 ಮಿ.ಲೀ. ನೀರಿಗೆ ಎಲ್ಲ ಮಾತ್ರೆ ಹಾಕಿ ಒಂದೆರಡು ನಿಮಿಷ ಬಿಡಿ, ತಾನಾಗಿ ಒಡೆದು ಹರಡುತ್ತದೆ. ಪುಡಿ ಸ್ವಲ್ಪ ತಳದಲ್ಲಿ ಕೂರುವುದರಿಂದ ಕುಡಿದಾದ ಮೇಲೆ ಅದೇ ಲೋಟಕ್ಕೆ ಎರಡು ಚಮಚ ನೀರು ಹಾಕಿ ತೊಳೆದು ಅದನ್ನೂ ಕುಡಿಸಬೇಕು. ಲೋಟ ದೊಡ್ಡದಾದರೆ ಮಗು ಪೂರ್ತಿ ಕುಡಿಯುವುದಿಲ್ಲ, ಹಾಲಿನ ಬಾಟಲಿಗೆ ಬೆರೆಸಿದರೂ ಅದೇ ಗತಿ.

ಎಣಿಸಿ ಕೊಳ್ಳಬಹುದು ಎಂಬುದೇ ಇದರ ದೊಡ್ಡ ಗುಣ. "ಮೂರು ಕತ್ತರಿಸಿ ಕೊಡಿ" ಎಂದರೆ ಕೊಡುತ್ತಾರೆ, ಮನೆಯಲ್ಲಿ ಏನೂ ಉಳಿಯುವುದಿಲ್ಲ. ಕತ್ತರಿಸಿದ ತುಂಡಿನಲ್ಲಿ ಎಕ್ಸ್‌ಪೈರಿ ತಾರೀಖು ಇರುವುದಿಲ್ಲ, ಅದು ಪಟ್ಟಿಯ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಕತ್ತರಿಸುವ ಮುಂಚೆ ಕಣ್ಣಾರೆ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಒಂದು ಕೊರತೆಯೆಂದರೆ ಹಳ್ಳಿ ಕಡೆಯ ಅಂಗಡಿಗಳಲ್ಲಿ 250ರ ಕರಗುವ ಮಾತ್ರೆ ಯಾವಾಗಲೂ ಇರುವುದಿಲ್ಲ, ಎರಡು ದಿನ ಮುಂಚೆ ಹೇಳಿ ತರಿಸಬೇಕಾದೀತು.

ಕ್ಯಾಪ್ಸೂಲ್

ನುಂಗಲು ಬರುವ ಮಗುವಿಗೆ, 20 ಕೆ.ಜಿ. ಮೇಲೆ, ಇದಕ್ಕಿಂತ ಸರಳವಾದದ್ದು ಇಲ್ಲ. 500 ಮಿ.ಗ್ರಾಂನ ಎರಡು, ಮೂರು ಅಥವಾ ನಾಲ್ಕು. ಊಟದ ಜೊತೆ ತೆಗೆದುಕೊಂಡರೂ ಅಮಾಕ್ಸಿಸಿಲಿನ್ ಹೀರಿಕೆಗೆ ತೊಂದರೆಯಿಲ್ಲ, ಹೊಟ್ಟೆ ತೊಳಸುವ ಮಕ್ಕಳಿಗೆ ಎರಡು ಇಡ್ಲಿ ತಿನ್ನಿಸಿಯೇ ಕೊಡಿ. ಬಿಚ್ಚಿ ಪುಡಿಯನ್ನು ಬಾಳೆಹಣ್ಣಿಗೆ ಕಲಸುವುದು ನಮಗೆ ಹಿಡಿಸದ ಉಪಾಯ: ಪುಡಿ ಕಹಿ, ಅರ್ಧ ತಿಂದು ಬಿಟ್ಟರೆ ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ಕರಗುವ ಮಾತ್ರೆಗೇ ಹೋಗಿ.

ಕಂಪನಿ ಯಾವುದಿರಲಿ ಎಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮಾಕ್ಸಿಸಿಲಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರದ ಮಿತಿಯಿದೆ. ಸಿಪ್ಲಾದ ನೊವಾಮಾಕ್ಸ್, ಸನ್ ಫಾರ್ಮಾದ ಮಾಕ್ಸ್, ಜನೌಷಧಿ ಕೇಂದ್ರದ ಹೆಸರಿಲ್ಲದ ಕ್ಯಾಪ್ಸೂಲ್, ಯಾವುದಾದರೂ ನಡೆಯುತ್ತದೆ. ಜಾಗರೂಕರಾಗಿರಬೇಕಾದ್ದು ಅವಳಿ ಹೆಸರುಗಳ ಬಗ್ಗೆ. ಹೆಸರಿನ ಕೊನೆಗೆ ಸಿವಿ ಅಥವಾ ಕ್ಲಾವ್ ಎಂದಿದ್ದರೆ ಅದರಲ್ಲಿ ಕ್ಲಾವುಲನಿಕ್ ಆಸಿಡ್ ಸೇರಿರುತ್ತದೆ. ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳು ಅಮಾಕ್ಸಿಸಿಲಿನ್ ಒಡೆಯುವ ಕಿಣ್ವ ತಯಾರಿಸುವುದಿಲ್ಲ, ಹಾಗಾಗಿ ಇಲ್ಲಿ ಅದರ ಅಗತ್ಯವೇ ಇಲ್ಲ. 625ರ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ ಇರುವುದು 500, ಉಳಿದ 125 ಕ್ಲಾವುಲನಿಕ್. ಅಂಥವನ್ನು ನಾಲ್ಕು ಒಮ್ಮೆಗೇ ನುಂಗಿಸಿದರೆ ಹಲ್ಲಿನ ಕುರ್ಚಿಯಲ್ಲೇ ವಾಂತಿ, ಮನೆಗೆ ಬಂದ ಮೇಲೆ ಭೇದಿ. ಇನ್ನೊಂದು, ಕ್ಲಾಕ್ಸಾಸಿಲಿನ್ ಸೇರಿದ ಕ್ಯಾಪ್ಸೂಲ್. ಮೇಲೆ 500 ಎಂದಿದ್ದರೂ ಒಳಗೆ 250 ಅಮಾಕ್ಸಿಸಿಲಿನ್, 250 ಕ್ಲಾಕ್ಸಾಸಿಲಿನ್. ನಾಲ್ಕು ನುಂಗಿದರೂ ಬೇಕಾದ 2 ಗ್ರಾಂನಲ್ಲಿ ಹೋಗುವುದು 1 ಗ್ರಾಂ ಮಾತ್ರ. ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಅಮಾಕ್ಸಿಸಿಲಿನ್ ಒಂದೇ ಹೆಸರಿದೆಯೇ ಎಂದು ಓದಿ.

ಕೊಡುವ ಹೊತ್ತು: ಕೆಲಸ ಶುರುವಾಗುವ 30ರಿಂದ 60 ನಿಮಿಷ ಮುಂಚೆ. ಬಸ್ಸು, ಟ್ರಾಫಿಕ್ಕು, ಟೋಕನ್ ಸರದಿ ಎಲ್ಲ ಸೇರಿ ಈ ಲೆಕ್ಕ ತಪ್ಪುವುದೇ ಜಾಸ್ತಿ. ಮನೆಯಲ್ಲಿ ಕೊಡಬೇಡಿ, ಔಷಧಿ, ನೀರು, ಲೋಟ ಚೀಲದಲ್ಲಿಟ್ಟುಕೊಂಡು ಹೋಗಿ, ನರ್ಸನ್ನು ಕೇಳಿ, ಮುಂದೆ ಎಷ್ಟು ಜನರಿದ್ದಾರೆ ನೋಡಿಕೊಂಡು ಅಲ್ಲೇ ಕುಡಿಸಿ. ಕೊಟ್ಟ ಕೂಡಲೇ ಮಗು ವಾಂತಿ ಮಾಡಿಕೊಂಡರೆ ಮುಚ್ಚಿಡದೆ ಹಲ್ಲಿನ ಡಾಕ್ಟರಿಗೆ ಹೇಳಿ, ಮತ್ತೆ ಕೊಡುವುದೋ ಮುಂದೂಡುವುದೋ ಅವರು ನಿರ್ಧರಿಸಲಿ. ಮರೆತೇ ಹೋಗಿ ಹಲ್ಲು ಕಿತ್ತಾಗಿದ್ದರೆ, ಎರಡು ಗಂಟೆಯೊಳಗೆ ಕೊಡಬಹುದು. ಅರಿವಳಿಕೆ ಕೊಟ್ಟು ಮಾಡುವ ಕೆಲಸವಾದರೆ ಮಗು ಉಪವಾಸವಿರಬೇಕು, ಬಾಯಿಂದ ಏನೂ ಕೊಡುವಂತಿಲ್ಲ. ಆಗ ಆಂಪಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಅನ್ನು ಅದೇ ಕೆ.ಜಿ.ಗೆ 50 ಮಿ.ಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಹಾಕುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಮಾಂಸಖಂಡಕ್ಕೆ ಚುಚ್ಚುವುದು ಬೇಡ, ಹಲ್ಲು ಕೀಳಿಸುವ ಮುಂಚೆ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆ) ಕೂಡ ನೋಡಿರಬೇಕು.

ಪೆನಿಸಿಲಿನ್ ಅಲರ್ಜಿ ಇದ್ದರೆ ಕೆ.ಜಿ.ಗೆ 15 ಮಿ.ಗ್ರಾಂನಂತೆ ಅಜಿತ್ರೊಮೈಸಿನ್, ಗರಿಷ್ಠ 500. 5 ಮಿ.ಲೀ.ಗೆ 200 ಮಿ.ಗ್ರಾಂ ಇರುವ ಸಿರಪ್ಪಿನಲ್ಲಿ 20 ಕೆ.ಜಿ. ಮಗುವಿಗೆ 7.5 ಮಿ.ಲೀ. ಹಿಂದೆ ಅಮಾಕ್ಸಿಸಿಲಿನ್ ಕೊಟ್ಟಾಗ ಬರೀ ಸಣ್ಣ ಕೆಂಪು ಗುಳ್ಳೆ ಎದ್ದಿದ್ದರೆ ಸೆಫಲೆಕ್ಸಿನ್ ಕೂಡ ಆಗಬಹುದು. ಮೈ ದದ್ದರಿಸಿದ್ದರೆ, ತುಟಿ ಮುಖ ಊದಿದ್ದರೆ, ಉಸಿರು ಕಟ್ಟಿದ್ದರೆ ಸೆಫಲೆಕ್ಸಿನ್ ಕೂಡದು. ಕ್ಲಿಂಡಮೈಸಿನ್ ಅನ್ನು 2021ರ ಹೇಳಿಕೆ ಈ ಕೆಲಸದಿಂದ ಕೈಬಿಟ್ಟಿತು, ಅದರ ಅಡ್ಡಪರಿಣಾಮಗಳು ಪದೇಪದೇ ಬರುವಂಥವು, ತೀವ್ರವೂ ಹೌದು. ಕ್ಲಿನಿಕ್ಕಿನ ಗೋಡೆಯ ಹಳೇ ಚಾರ್ಟಿನಲ್ಲಿ ಇನ್ನೂ ಅದಿದ್ದರೆ ವಿನಯದಿಂದ ಕೇಳಿ. ಮಗು ಆಗಲೇ ಬೇರೆ ಕಾರಣಕ್ಕೆ ಅಮಾಕ್ಸಿಸಿಲಿನ್ ತೆಗೆದುಕೊಳ್ಳುತ್ತಿದ್ದರೆ, ಬಾಯಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಿರುತ್ತವೆ. ಕೋರ್ಸ್ ಮುಗಿದು 10 ದಿನವಾದ ಮೇಲೆ ಹಲ್ಲಿನ ಕೆಲಸ ಇಟ್ಟುಕೊಳ್ಳುವುದು, ತುರ್ತಾದರೆ ಬೇರೆ ಗುಂಪಿನ ಔಷಧಿ ಕೊಡುವುದು ಪದ್ಧತಿ. ಸಂಧಿವಾತ ಜ್ವರಕ್ಕೆ 21 ದಿನಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುವವರು ಅದೇ ಸಾಕೆಂದುಕೊಳ್ಳುತ್ತಾರೆ. ಸಾಲದು, ಅವರು ಮೇಲಿನ ಪಟ್ಟಿಯಲ್ಲಿದ್ದರೆ ಹಲ್ಲಿನ ದಿನಕ್ಕೆ ಬೇರೆ ಗುಂಪಿನ ಔಷಧಿಯೇ ಬೇಕು.

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2008ರಲ್ಲಿ ಹಲ್ಲಿನ ಕೆಲಸಕ್ಕೆ ಈ ಡೋಸ್ ಬೇಡವೆಂದಿತು, 2016ರಲ್ಲಿ "ವಾಡಿಕೆಯಾಗಿ ಬೇಡ" ಎಂದು ತಿದ್ದಿತು. ಊರಿನ ಹೃದಯತಜ್ಞರ ಚೀಟಿ ಹಿಡಿದು ಅಲ್ಲಿನ ಹಲ್ಲಿನ ಡಾಕ್ಟರ ಜೊತೆ ವಾದಕ್ಕಿಳಿಯುವುದಕ್ಕಿಂತ, ಅಲ್ಲಿನ ಮಕ್ಕಳ ಹೃದಯ ವಿಭಾಗದಿಂದ ಒಂದು ಪತ್ರ ತರಿಸುವುದು ಬೇಗ ಆಗುವ ಕೆಲಸ.

ಇಷ್ಟು ಹೇಳಿದರೂ ಈ ಡೋಸಿನ ಶಕ್ತಿಯನ್ನು ಹಿಗ್ಗಿಸಿ ಹೇಳಬಾರದು. ವಸಡು ಊದಿಕೊಂಡ ಬಾಯಲ್ಲಿ ದಿನಾ ಅಗಿಯುವಾಗ, ಹಲ್ಲುಜ್ಜುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತಲೇ ಇರುತ್ತವೆ. ವರ್ಷಕ್ಕೊಮ್ಮೆ ಹಲ್ಲು ಕೀಳುವಾಗ ಆಗುವುದಕ್ಕಿಂತ ಒಟ್ಟು ಲೆಕ್ಕದಲ್ಲಿ ಅದೇ ದೊಡ್ಡದು. 2007ರಲ್ಲಿ ಪಟ್ಟಿ ಚಿಕ್ಕದಾಗಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬ್ರಷ್ ಮಾಡಿದರೆ ರಕ್ತ ಬರುತ್ತದೆಂದು ಹೆದರಿ ಹಲ್ಲುಜ್ಜುವುದನ್ನೇ ಬಿಡಿಸುವ ತಂದೆತಾಯಿ ಇದ್ದಾರೆ. ರಕ್ತ ಬರುತ್ತಿರುವುದು ಕೊಳೆ ಕೂತ ವಸಡಿನಿಂದ, ಉಜ್ಜದಿದ್ದರೆ ಅದು ಇನ್ನೂ ಊದುತ್ತದೆ. ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟು, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರು ತುಂಬಿದ ಮೇಲೆ ಬಟಾಣಿಯಷ್ಟು, ದಿನಕ್ಕೆರಡು ಸಲ. ಸಿಹಿ ಸಿರಪ್ ಕುಡಿದಾದ ಮೇಲೆ ಒಂದು ಗುಟುಕು ನೀರು. ಹೃದಯದ ಆಪರೇಷನ್‌ಗೆ ಮುಂಚೆ ಹಲ್ಲು ತೋರಿಸಿ ಹುಳುಕನ್ನೆಲ್ಲ ಮುಗಿಸಿಕೊಳ್ಳಬೇಕು. ಕಿವಿ ಚುಚ್ಚಿಸುವ ಶಾಸ್ತ್ರ ಮಾಡಲೇಬೇಕೆಂದರೆ ಹೃದಯತಜ್ಞರನ್ನು ಕೇಳಿ, ಆಸ್ಪತ್ರೆಯಲ್ಲಿ ಸ್ಟೆರೈಲ್ ಸೂಜಿಯಲ್ಲೇ ಆಗಲಿ. ಕೀವು ಕಟ್ಟಿದ ಕಿವಿಯಿಂದ, ಕುರುವಿನಿಂದ ಹೋಗುವ ಸ್ಟ್ಯಾಫಿಲೊಕಾಕಸ್ ಹೃದಯದ ಕವಾಟವನ್ನು ಕೆಲವೇ ದಿನಗಳಲ್ಲಿ ಹರಿದುಹಾಕಬಲ್ಲದು.

ಈಗ ಆ ಉಳಿದ ಬಾಟಲಿಯ ವಿಷಯ. ಹೃದಯದೋಷದ ಮಕ್ಕಳಿಗೂ ಬರುವ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನವೇ, ಮೂಗು ಸೋರಿ, ಕೆಮ್ಮಿ, ಮೂರ್ನಾಲ್ಕು ದಿನಕ್ಕೆ ಹೋಗುತ್ತವೆ. ಪ್ಯಾರಸಿಟಮಾಲ್ ಕೊಡಲು ಅಡ್ಡಿಯಿಲ್ಲ. ಎಂಡೋಕಾರ್ಡೈಟಿಸ್ ಜ್ವರ ಬೇರೆ ಥರ: ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಸಣ್ಣಗೆ ಬಂದು ಹೋಗುತ್ತ ವಾರಗಟ್ಟಲೆ ಎಳೆಯುತ್ತದೆ. ಮಗು ಬಿಳುಚಿಕೊಳ್ಳುತ್ತದೆ, ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ. ಆ ಹಂತದಲ್ಲಿ ಉಳಿದ ಅಮಾಕ್ಸಿಸಿಲಿನ್ ಎರಡು ದಿನ ಕೊಟ್ಟರೆ, ಅಥವಾ ಹತ್ತಿರದ ಕ್ಲಿನಿಕ್ಕಿನಲ್ಲಿ "ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ಹಾಕಿಸಿದರೆ, ಜ್ವರ ಇಳಿದೇ ಇಳಿಯುತ್ತದೆ. ರಕ್ತದಲ್ಲಿ ತೇಲುತ್ತಿದ್ದ ಬ್ಯಾಕ್ಟೀರಿಯಾ ಸತ್ತವು, ಗಂಟಿನೊಳಗಿನವು ಹಾಗೇ ಇವೆ. ಔಷಧಿ ನಿಲ್ಲಿಸಿದ ಕೆಲ ದಿನಕ್ಕೆ ಜ್ವರ ಮರಳುತ್ತದೆ, ಆಗ ದೊಡ್ಡಾಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿದರೆ ಏನೂ ಬೆಳೆಯದಿರಬಹುದು. ಎಂಡೋಕಾರ್ಡೈಟಿಸ್ ಇದ್ದೂ ಕಲ್ಚರ್ ಖಾಲಿ ಬರುವುದಕ್ಕೆ ಅತಿ ಸಾಮಾನ್ಯ ಕಾರಣ ಮುಂಚೆಯೇ ಹೊಟ್ಟೆಗೆ ಬಿದ್ದ ಆಂಟಿಬಯಾಟಿಕ್ಕೇ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗದಿದ್ದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಒಂದರಲ್ಲೇ ವಾಸಿಯಾಗಬಹುದಿದ್ದ ಮಗುವಿಗೆ ಊಹೆಯ ಮೇಲೆ ಎರಡು ಮೂರು ಔಷಧಿ ಸೇರಿಸಿ ವಾರಗಟ್ಟಲೆ ಹಾಕಬೇಕಾಗುತ್ತದೆ. ಅದರಲ್ಲಿ ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಬಂದರೆ ಮೂತ್ರಪಿಂಡವನ್ನೂ ಕಿವಿಯನ್ನೂ ಕಾಯುತ್ತಿರಬೇಕು.

ಆದ್ದರಿಂದ ಹಲ್ಲಿನ ದಿನ ಉಳಿದ ಸಿರಪ್ಪನ್ನು ಅಂದೇ ಚೆಲ್ಲಿ. ಮೇಲೆ ಹೇಳಿದ ಪಟ್ಟಿಯಲ್ಲಿರುವ ಮಗುವಿಗೆ ಕಾರಣ ಕಾಣದ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಯಾವ ಆಂಟಿಬಯಾಟಿಕ್ಕನ್ನೂ ಮುಟ್ಟುವ ಮುಂಚೆ ಹೃದಯ ವಿಭಾಗಕ್ಕೆ ಫೋನ್ ಮಾಡಿ. ಒಂದು ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಫಿಟ್ಸ್, ಬಿಡದ ತಲೆನೋವು ವಾಂತಿ, ಮೂತ್ರದಲ್ಲಿ ರಕ್ತ, ಏದುಸಿರು, ಶಂಟ್ ಇರುವ ಮಗು ಇದ್ದಕ್ಕಿದ್ದಂತೆ ಹೆಚ್ಚು ನೀಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಬ್ಲಡ್ ಕಲ್ಚರ್ ಎಂದರೆ ಒಂದು ಸಲ ಚುಚ್ಚಿ ಒಂದು ಬಾಟಲಿ ತುಂಬುವುದಲ್ಲ. ಮೂರು ಸಲ, ಮೂರು ಬೇರೆ ಜಾಗದಿಂದ ತೆಗೆಯಬೇಕು. ಕೂಸುಗಳಿಗೆ, ಚಿಕ್ಕ ಮಕ್ಕಳಿಗೆ ಪ್ರತಿ ಸಲ 1ರಿಂದ 3 ಮಿ.ಲೀ., ದೊಡ್ಡ ಮಕ್ಕಳಿಗೆ 5ರಿಂದ 7 ಮಿ.ಲೀ. ರಕ್ತದಲ್ಲಿ ಬ್ಯಾಕ್ಟೀರಿಯಾ ವಿರಳವಾಗಿರುವುದರಿಂದ ಅರ್ಧ ಮಿ.ಲೀ. ಹಾಕಿದರೆ ಸಿಗದೇ ಹೋಗಬಹುದು. ಮೂರರಲ್ಲಿ ಒಂದರಲ್ಲಿ ಮಾತ್ರ ಚರ್ಮದ ಸಾಮಾನ್ಯ ಸ್ಟ್ಯಾಫ್ ಬೆಳೆದರೆ ಅದು ಸೂಜಿಯ ಜೊತೆ ಹೋದದ್ದಿರಬಹುದು, ಮೂರರಲ್ಲೂ ಅದೇ ಬೆಳೆದರೆ ಅನುಮಾನವಿಲ್ಲ. ಒಂದೇ ಬಾಟಲಿಯಿದ್ದರೆ ಈ ತೀರ್ಮಾನಕ್ಕೇ ದಾರಿಯಿಲ್ಲ. ಆಗಲೇ ಹಾಕಿರುವ ಕ್ಯಾನ್ಯುಲಾದಿಂದ ಎಳೆಯುವುದು ಬೇಡ. ಚರ್ಮವನ್ನು ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಉಜ್ಜಿ ಒಣಗಲು ಬಿಡಬೇಕು, ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಮಗು ಗಟ್ಟಿಮುಟ್ಟಾಗಿದ್ದರೆ ಈ ಮೂರನ್ನು 24 ಗಂಟೆಯಲ್ಲಿ ಹರಡಿ ತೆಗೆಯುತ್ತಾರೆ, ಕೆಲವೊಮ್ಮೆ 48 ಗಂಟೆವರೆಗೂ ಆಂಟಿಬಯಾಟಿಕ್ ತಡೆಹಿಡಿಯುವುದುಂಟು. ಅದನ್ನು ನಿರ್ಲಕ್ಷ್ಯ ಎಂದುಕೊಳ್ಳಬೇಡಿ. ಮಗು ತೀರಾ ಸೋತಿದ್ದರೆ ಒಂದೆರಡು ಗಂಟೆಯೊಳಗೆ ಮೂರನ್ನೂ ತೆಗೆದು ಕೂಡಲೇ ಔಷಧಿ ಶುರುಮಾಡುತ್ತಾರೆ. ಮೊದಲ ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಗಂಟು ಕಾಣಲಿಲ್ಲವೆಂದು ಸಮಾಧಾನಪಟ್ಟು ಮನೆಗೆ ಬರುವಂತಿಲ್ಲ. ಅನುಮಾನ ಉಳಿದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಮಾಡುತ್ತಾರೆ.

ತಾಲೂಕು ಊರಿನ ಲ್ಯಾಬಿನಲ್ಲಿ ಮಾಡಿಸಬೇಕಾಗಿ ಬಂದರೆ ಮೂರು ಪ್ರಶ್ನೆ ಕೇಳಿ: ಮಕ್ಕಳ ಕಲ್ಚರ್ ಬಾಟಲಿ ಮೂರು ಇವೆಯೇ, ಅವುಗಳ ತಾರೀಖು ಮುಗಿದಿಲ್ಲವೇ, ಬಾಟಲಿಯನ್ನು ಇಲ್ಲೇ ಮಷೀನಿಗೆ ಹಾಕುತ್ತೀರೋ ಬೇರೆ ಊರಿಗೆ ಕಳಿಸುತ್ತೀರೋ. ಕಳಿಸುವುದಾದರೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದೂ ಕೇಳಿ. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿಡಬಾರದು, ಬ್ಯಾಕ್ಟೀರಿಯಾ ಬೆಳೆಯದೆ ಹೋಗುತ್ತದೆ. ಉತ್ತರ ತೃಪ್ತಿಯಾಗದಿದ್ದರೆ ಅಲ್ಲಿ ಚುಚ್ಚಿಸದೆ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಜಯದೇವದಂಥ ಕಡೆ ಫೈಲ್ ಇರುವವರು ಆ ಫೈಲಿನ ಜೊತೆ, ಕಳೆದ ಒಂದು ತಿಂಗಳಲ್ಲಿ ಮಗು ತೆಗೆದುಕೊಂಡ ಎಲ್ಲ ಔಷಧಿಯ ಖಾಲಿ ಪಟ್ಟಿ, ಬಾಟಲಿಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಬೇಕು. ಹಲ್ಲಿನ ದಿನದ ಅಮಾಕ್ಸಿಸಿಲಿನ್ ಪಟ್ಟಿಯೂ ಅದರಲ್ಲಿರಲಿ, ಮೇಲೆ ಕೊಟ್ಟ ತಾರೀಖು ಬರೆದು.